ಪಕ್ಕದ ಸೀಟಿನ ತೂಕ

ಭುವನೇಶ್ವರಿಗೆ ಕದ್ದು ಕೇಳುವ ಚಾಳಿ ಇರಲಿಲ್ಲ. ಆದರೆ ಪರದೇಶದಲ್ಲಿ, ಸೆಂಬವಾಂಗ್‌ನ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ, ಶನಿವಾರ ಬೆಳಿಗ್ಗೆ, ಬೆನ್ನ ಹಿಂದಿನ ಟೇಬಲಿನಿಂದ ಕನ್ನಡ ಕೇಳಿಸಿದರೆ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಅದರಲ್ಲಿ ಅವಳ ತಪ್ಪೇನಿದೆ?

"ಹಳೇದಾದ್ರೂ ಪರವಾಗಿಲ್ಲ ಕುನಾಲ್," ಒಬ್ಬ ಗಂಡಸು ಫೋನಿನಲ್ಲಿ ಹೇಳುತ್ತಿದ್ದ. "ಅದು ಹಗುರ ಇರಬೇಕು, ಅಷ್ಟೇ. ಮೂಗು ಮೇಲಿದ್ರೆ ನಂಗಿಷ್ಟ. ಮೊದಲು ಯಾರ ಹತ್ರ ಇತ್ತು, ಎಲ್ಲಾದ್ರೂ ಬಿದ್ದು ಎದ್ದಿದ್ಯಾ, ಸರಿಯಾಗಿ ವಿಚಾರಿಸು."

ಬಾಗಲಕೋಟೆಯ ಅವಳ ಮನೆಯಲ್ಲಿ ಮದುವೆಯ ಮಾತು ಬಂದಾಗ ಹಿರಿಯರು ಹುಡುಗಿಯನ್ನು ‘ಅದು’ ಎಂದೇ ಕರೆಯುತ್ತಿದ್ದರು. ಅದು ಛಲೋ ಓದೇತಿ, ಅದಕ್ಕ ಅಡಿಗಿ ಬರತೈತಿ. ಪ್ರೀತಿಯಿಂದಲೇ ಅನ್ನುತ್ತಿದ್ದರು, ಆದರೂ ಭುವನೇಶ್ವರಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯಿತು.

ಸರ್ರನೆ ತಿರುಗಿದಳು. "ಹೆಣ್ಣಂದ್ರ ಏನಂತ ತಿಳ್ಕೊಂಡೀರಿ? ಸೆಕೆಂಡ್ ಹ್ಯಾಂಡ್ ಸಾಮಾನೇನು?" ಸಿಟ್ಟು ಬಂದರೆ ಅವಳ ಶಿಷ್ಟ ಕನ್ನಡ ಎಲ್ಲೋ ಓಡಿಹೋಗುತ್ತಿತ್ತು.

ಅವನು ಅವಳನ್ನು ನೋಡಿದ, ಫೋನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. "ಹೆಣ್ಣಲ್ಲ ಮಾರಾಯ್ರೆ. ಏರೋಪ್ಲೇನು."

ಫೋಟೋ ತೋರಿಸಿದ. ಬಣ್ಣ ಮಾಸಿದ ಪುಟ್ಟ ವಿಮಾನ. ಮುಂದೆ ಎರಡು ದಪ್ಪ ಚಕ್ರ, ಬಾಲದ ಕೆಳಗೆ ಒಂದು ಚಿಕ್ಕ ಚಕ್ರ.

ಸಾರಿ ಹೇಳಿ, ಅಲ್ಲಿನವರು ಕೋಪಿ ಎನ್ನುವ ಕಾಫಿ ಒಂದು ಕೊಡಿಸಿ ಎದ್ದುಹೋಗಬಹುದಿತ್ತು. ಆದರೆ ಕುತೂಹಲ ಕೆರಳಿದರೆ ಅವಳಿಗೆ ಎದ್ದುಹೋಗಲು ಬರುವುದಿಲ್ಲ.

"ಮೂಗು ಯಾಕೆ ಮೇಲಿದೆ?"

"ಕಲ್ಲಿನ ಮೇಲೆ ಇಳೀಬೇಕಲ್ಲ. ಮೂಗಿನ ಫ್ಯಾನು ನೆಲದಿಂದ ಎತ್ತರ ಇದ್ರೆ ಒಳ್ಳೇದು."

"ಹಾಗಾದ್ರೆ ಎದುರಿಗಿರೋದು ಹೇಗೆ ಕಾಣುತ್ತೆ?"

"ಕಾಣಲ್ಲ," ಎಂದು ಅವನು ನಕ್ಕ. "ನೆಲದ ಮೇಲಿರುವಾಗ ಆಚೆ ಈಚೆ ತಿರುಗಿಸ್ತಾ, ಪಕ್ಕದ ಕಿಟಕಿಯಿಂದ ಇಣುಕಿ ನೋಡಬೇಕು."

ಅವನ ಹೆಸರು ದೀಪೇಶ್, ಉಡುಪಿ ಕಡೆಯವನು, ಪೈಲಟ್. ತಿಂಗಳ ಕೊನೆಗೆ ನ್ಯೂಜಿಲೆಂಡಿಗೆ ಶಿಫ್ಟ್ ಆಗುವವನಿದ್ದ. ಅಲ್ಲಿ ರಸ್ತೆಯೇ ಇಲ್ಲದ ಕಣಿವೆಗಳಿವೆ, ನದಿಯ ದಂಡೆಯೇ ರನ್‌ವೇ. ಅಲ್ಲಿರುವ ಗೆಳೆಯ ಕುನಾಲ್ ಮೂರು ವಿಮಾನ ನೋಡಿಟ್ಟಿದ್ದ, ಒಂದನ್ನು ಆರಿಸುವುದು ದೀಪೇಶನ ಕೆಲಸ.

ಆಮೇಲಿನ ಮೂರು ಶನಿವಾರ ಇಬ್ಬರೂ ಆ ಒಂದನ್ನು ಆರಿಸುವುದರಲ್ಲೇ ಕಳೆದರು. ಮೊದಲನೆಯದಕ್ಕೆ ಒಂದೇ ಸೀಟು, ಅರವತ್ತು ಮೀಟರ್ ಓಡಿದರೆ ಹಾರುತ್ತದೆ. ಎರಡನೆಯದರಲ್ಲಿ ಒಂದರ ಹಿಂದೆ ಒಂದು ಸೀಟು, ಎಂಬತ್ತು ಮೀಟರ್. ಮೂರನೆಯದರಲ್ಲಿ ಅಕ್ಕಪಕ್ಕ ಸೀಟು, ನೂರಹತ್ತು.

"ನೂರಹತ್ತು ಅಂದ್ರೆ ಎಷ್ಟಾಗುತ್ತೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವಳು ತನ್ನ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಕಟ್ಟಡದ ಕೆಳಗಿನ ತೆರೆದ ಪಡಸಾಲೆಯಲ್ಲಿ, ಹೆಜ್ಜೆ ಎಣಿಸುತ್ತಾ ಹೊರಟಳು. ಅವನೂ ಜೊತೆಗೆ ನಡೆದ. ಮೂರನೇ ಮಹಡಿಯ ಅನುಸೂಯಾ ಆಂಟಿ ಲಿಫ್ಟಿನಿಂದ ಹೊರಬಂದು, "ಏನ್ರೇ, ಏನಾದ್ರೂ ಕಳ್ಕೊಂಡ್ರಾ?" ಎಂದರು.

"ರನ್‌ವೇ, ಆಂಟಿ."

ಲಿಫ್ಟಿನಿಂದ ಕಾರ್‌ಪಾರ್ಕಿನವರೆಗೆ ಎಂಬತ್ತೇ ಮೀಟರ್. "ಎರಡನೇದು ಇಲ್ಲೇ ಹಾರುತ್ತೆ," ಎಂದ ದೀಪೇಶ್.

"ಹಿಂದಿನ ಸೀಟಲ್ಲಿ ಕೂತವರಿಗೆ ಏನು ಕಾಣುತ್ತೆ?"

"ನನ್ನ ಕತ್ತು."

ಅವಳು ಕತ್ತು ನೋಡಿದಳು. ಕಾಲರಿನ ಅಂಚಿನಲ್ಲಿ ಒಂದು ಮಚ್ಚೆ ಇತ್ತು. ಬೇಕಾದುದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದಳು. ಅವನು ತಟ್ಟನೆ ತಿರುಗಿದಾಗ ಚಾವಣಿಯ ಟ್ಯೂಬ್‌ಲೈಟನ್ನು ಬಹಳ ಆಸಕ್ತಿಯಿಂದ ಪರಿಶೀಲಿಸಿದಳು.

"ಕುನಾಲ್ ಒಂದೇ ಸೀಟಿಂದು ತಗೋ ಅಂತಾನೆ," ಎಂದ ದೀಪೇಶ್. "ಹಗುರ. ನಿಮಗೇನನ್ಸುತ್ತೆ?"

ಬೇಡ ಎನ್ನಲು ನಾಲಿಗೆ ತುದಿಯವರೆಗೆ ಬಂತು. ಎರಡು ಸೀಟು ಬೇಕು ಎಂದರೆ ನನ್ನನ್ನೂ ಕರೆದುಕೊಂಡು ಹೋಗು ಎಂದ ಹಾಗೆ. ಮೂರು ವಾರದ ಪರಿಚಯಕ್ಕೆ ಹಾಗೆ ಹೇಳುವುದುಂಟೇ? "ಹಗುರಾನೇ ಒಳ್ಳೇದಲ್ವಾ," ಎಂದಳು. ಆ ರಾತ್ರಿ ಊಟ ಸೇರಲಿಲ್ಲ. ಅವನು ಹಾರಿಹೋಗುತ್ತಾನೆ, ಒಂದೇ ಸೀಟಿನಲ್ಲಿ, ತನ್ನದೇ ಸಲಹೆಯ ಮೇಲೆ. ತನ್ನ ಮೇಲೆಯೇ ಅವಳಿಗೆ ಕೆಟ್ಟ ಕೋಪ ಬಂತು.

ಕೊನೆಯ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕುನಾಲ್ ಫೋನ್ ಮಾಡುವುದಿತ್ತು. ಹನ್ನೊಂದೂವರೆಗೆ ದೀಪೇಶ್ ಕೋಪಿಯ ಪಕ್ಕ ಒಂದು ಹಾಳೆ ಇಟ್ಟ. "ಸ್ವಲ್ಪ ಚೆಕ್ ಮಾಡಿ. ತೂಕದ ವಿಷಯ ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಹತ್ತಿರದ ವುಡ್‌ಲ್ಯಾಂಡ್ಸ್‌ನ ಲ್ಯಾಬಿನಲ್ಲಿ ತಕ್ಕಡಿಗಳು ಸರಿಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸುವುದೇ ಅವಳ ಉದ್ಯೋಗ. ಒಂದು ಗ್ರಾಮ್ ವ್ಯತ್ಯಾಸವಾದರೂ ಅವಳು ಸಹಿ ಹಾಕುವವಳಲ್ಲ.

ಪೆಟ್ರೋಲು, ಟೆಂಟು, ಟೂಲ್ಸ್. ಪೈಲಟ್ ಎಪ್ಪತ್ತನಾಲ್ಕು ಕೆಜಿ. ಅದರ ಕೆಳಗೆ: ಪಕ್ಕದ ಸೀಟು, ಐವತ್ತೈದು ಕೆಜಿ.

ಅವಳ ಬೆರಳು ಆ ಸಾಲಿನ ಮೇಲೆ ನಿಂತಿತು. "ಪಕ್ಕದ ಸೀಟಾ? ಯಾರಿದು, ಐವತ್ತೈದು?"

ಅವನ ಕಿವಿ ಕೆಂಪಾಯಿತು. "ನೀವೇ. ಅಂದಾಜು ಹಾಕಿದ್ದು. ಹುಡುಗೀರ ತೂಕ ಕೇಳಬಾರದು ಅಂತ ನಮ್ಮಮ್ಮ ಹೇಳಿದ್ದಾರೆ."

ಅವಳು ಹಾಳೆಯನ್ನು ಹತ್ತಿರ ಎಳೆದುಕೊಂಡಳು.

"ಈಗಲೇ ಅಲ್ಲ," ಅವನು ಗಡಿಬಿಡಿಯಿಂದ ಹೇಳಿದ. "ಯಾವಾಗ ಮನಸ್ಸಾಗುತ್ತೋ ಆವಾಗ ಬನ್ನಿ. ಅಷ್ಟರವರೆಗೆ ಸೀಟು ಖಾಲಿ ಇರುತ್ತೆ. ಅಲ್ಲೂ ತಕ್ಕಡಿಗಳಿವೆಯಂತೆ, ವಿಚಾರಿಸಿದ್ದೇನೆ. ನನಗೆ ನೀವಂದ್ರೆ ತುಂಬಾ ಇಷ್ಟ. ಎದುರಿಗೇ ಕೂತಿದ್ರೂ ಹೇಳೋಕೆ ಇಷ್ಟು ವಾರ ಬೇಕಾಯ್ತು."

ಐವತ್ತೈದು. ಎಷ್ಟು ಚಂದದ ಸಂಖ್ಯೆ! ಸುಮ್ಮನೆ ನಕ್ಕು ಹಾಳೆ ಮಡಚಬಹುದಿತ್ತು. ಬೇರೆ ಯಾವ ಹುಡುಗಿಯಾದರೂ ಹಾಗೇ ಮಾಡುತ್ತಿದ್ದಳು.

ಭುವನೇಶ್ವರಿ ಪೆನ್ನು ತೆಗೆದು ಐವತ್ತೈದನ್ನು ಹೊಡೆದುಹಾಕಿ ಬರೆದಳು: 61.4.

"ಇದನ್ನ ನಮ್ಮವ್ವಗೂ ಹೇಳಿಲ್ಲ," ಎಂದಳು. "ಆದ್ರೆ ತಪ್ಪು ತೂಕ ಇಟ್ಕೊಂಡು ನೀವು ಹಾರಬಾರ್ದು."

ಅವನು ಆ ಸಂಖ್ಯೆಯನ್ನೇ ನೋಡುತ್ತ ಕುಳಿತ. "ಎಂಟು ಹತ್ತು ಮೀಟರ್ ಜಾಸ್ತಿ ಓಡಬೇಕು."

"ಓಡ್ತೀರಾ?"

"ಓಡ್ತೇನೆ."

ಫೋನ್ ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಕುನಾಲ್ ಕೂಗಿದ: "ಏನಪ್ಪಾ, ಅಕ್ಕಪಕ್ಕ ಸೀಟಿಂದೇ ಬೇಕು ಅಂತ ಹಟ ಮಾಡ್ತಿದ್ದೆ, ಅದು ಓಕೆನಾ?"

ದೀಪೇಶ್ ಬಾಯಿ ತೆರೆಯುವ ಮೊದಲೇ ಭುವನೇಶ್ವರಿ ಫೋನಿನ ಕಡೆ ಬಾಗಿದಳು. ಕೆನ್ನೆ ಬಿಸಿಯಾಗಿತ್ತು, ದನಿ ಮಾತ್ರ ಬಾಗಲಕೋಟೆಯಷ್ಟು ಗಟ್ಟಿಯಾಗಿತ್ತು.

"ಹೂಂ ರೀ. ಅದು ಒಪ್ಪೇತಿ."