ಪದ್ಮಿನಿ ಅಜ್ಜಿಯ ನಾಡಿ

"ಶ್ರೇಯಾಂಸ್, ಅಜ್ಜಿಯ ನಾಡಿ ಎಷ್ಟು?"

ಪರದೆಯ ಮೇಲೆ ಶ್ವೇತಾ ಟೀಚರ್ ಹೆಸರು ಹಿಡಿದು ಕೇಳಿದ್ದೇ ತಡ, ಮುಳ್ಳನ್ಕೊಲ್ಲಿಯ ಮೆಣಸಿನ ತೋಟದ ಮನೆಯಲ್ಲಿ ಶ್ರೇಯಾಂಸನ ಕಿವಿ ಕೆಂಪಾಯಿತು.

"ನೂರಾ ಇಪ್ಪತ್ತು, ಟೀಚರ್."

ಶ್ವೇತಾಳ ಎದೆ ಧಸಕ್ಕೆಂದಿತು. ಪಯ್ಯಂಪಳ್ಳಿಯ ತನ್ನ ಕೋಣೆಯಿಂದ ಹೊಸಬರಿಗೆ ಆನ್‌ಲೈನಿನಲ್ಲಿ ಶುಶ್ರೂಷೆ ಕಲಿಸುವ ನರ್ಸ್ ಅವಳು. ಶ್ರೇಯಾಂಸ್ ತನ್ನನ್ನು ಸಾಕಿದ ಪದ್ಮಿನಿ ಅಜ್ಜಿಯನ್ನು ನೋಡಿಕೊಳ್ಳಲೆಂದೇ ತರಗತಿಗೆ ಸೇರಿದ್ದ. ಅವನ ಫೋನು ಉಪ್ಪಿನಕಾಯಿ ಭರಣಿಗೆ ಒರಗಿರುತ್ತಿತ್ತು. ಪರದೆಯಲ್ಲಿ ಕಾಣುತ್ತಿದ್ದುದು ಅವನ ಮುಖ ಮಾತ್ರ, ಕೈಯಲ್ಲ.

ವಿಚಿತ್ರವೆಂದರೆ, ಶ್ವೇತಾ ಬೇರೆ ವಿದ್ಯಾರ್ಥಿಗಳೊಡನೆ ಮಾತಾಡುವಾಗ ಅವನು ಎಣಿಸಿದರೆ ಅಜ್ಜಿಯ ನಾಡಿ ಎಪ್ಪತ್ತು. ಅವನತ್ತ ತಿರುಗಿದರೆ ನಾಗಾಲೋಟ!

'ಬಾಯಿಗೆ ಬಂದ ಅಂಕಿ ಹೇಳುತ್ತಿದ್ದಾನೆಯೇ? ದಿನವೂ ನಾನು ಮೊದಲು ಹುಡುಕುವ ಮುಖ... ಸುಳ್ಳುಗಾರನದಾಗದಿರಲಿ ದೇವರೇ...'

ತಪ್ಪು ಅಂಕಿ ಜೀವ ತೆಗೆಯುತ್ತದೆ, ನಾಳೆ ನಾನೇ ಬಂದು ನೋಡುತ್ತೇನೆ, ಸುಳ್ಳಾದರೆ ತರಗತಿಯಲ್ಲಿ ಜಾಗವಿಲ್ಲ ಎಂದು ಶ್ವೇತಾ ಗದರಿದಳು.

ಮರುದಿನ ಸಂಜೆ ಸ್ಕೂಟರ್ ಅಂಗಳಕ್ಕೆ ಬಂದಾಗ ಅಜ್ಜಿ ಊಟಕ್ಕೆ ಕೂತಿದ್ದರು.

"ಹೊತ್ತು ಮುಳುಗೋಕೆ ಮುಂಚೆ ಊಟ ಮುಗೀಬೇಕು ಮೋಳೇ. ಬಲಗೈ ಊಟಕ್ಕೆ, ಎಡಗೈ ನಿನ್ನ ಕ್ಲಾಸಿಗೆ." ಮಲಯಾಳದ ರೂಢಿಯಲ್ಲಿ ಮಗಳೇ ಎಂದು ಕರೆದು ಅಜ್ಜಿ ಎಡಗೈ ಚಾಚಿದರು.

ಶ್ವೇತಾ ಮೂರು ಬೆರಳಿಟ್ಟಳು. ಬಸದಿಯ ದೀಪದಂತೆ ಶಾಂತವಾದ ನಾಡಿ. ಹಾಗಾದರೆ ಅವನು ಹೇಳಿದ್ದೆಲ್ಲ ಸುಳ್ಳೇ... ಅವಳ ಕಣ್ಣು ತುಂಬಿತು.

"ಈಗ ನೀವು ನೋಡಿ," ಎಂದಳು ಗಡುಸಾಗಿ.

ಶ್ರೇಯಾಂಸ್ ಭಯಭಕ್ತಿಯಿಂದ ಅಜ್ಜಿಯ ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿದ.

ಶ್ವೇತಾ ಅವನನ್ನೇ ನೋಡಿದಳು. ನಗು ಉಕ್ಕಿ ಬಂತು.

"ಹೆಬ್ಬೆರಳಿಗೆ ಅದರದ್ದೇ ಮಿಡಿತ ಇದೆ. ಇಷ್ಟು ದಿನ ನೀವು ಎಣಿಸಿದ್ದು ನಿಮ್ಮದೇ ನಾಡಿ. ಬೆರಳಿಡೋದು ತೋರಿಸಿದ್ದೆನಲ್ಲ, ಆವತ್ತು ಏನು ನೋಡ್ತಿದ್ರಿ?"

"ನಿಮ್ಮನ್ನ."

ಅಜ್ಜಿ ತುತ್ತು ಕೆಳಗಿಟ್ಟರು.

"ನಾಡಿ ಜೋರು ಅಂತ ನನ್ನ ಕಾಪಿ ನಿಲ್ಸಿದ್ಯಲ್ಲೋ ಪಾಪಿ... ಜೋರಾಗಿದ್ದು ನಿಂದಾ?"

ಶ್ವೇತಾ ನಾಚಿಕೆ ಮರೆಮಾಚಲು ಪಾಠಕ್ಕೆ ಶರಣಾದಳು. ಸರಿಯಾಗಿ ತೋರಿಸುತ್ತೇನೆಂದು ಅವನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ಎಣಿಸಿದಳು.

"ತುಂಬಾ... ಜೋರಾಗಿದೆ."

ಅಜ್ಜಿ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಮೋಳೇ, ನೀನೂ ಹೆಬ್ಬೆರಳೇ ಇಟ್ಟಿದ್ದೀಯ."

ಶ್ವೇತಾ ತಲೆ ತಗ್ಗಿಸಿದಳು. ಬೆರಳು ಮಾತ್ರ ತೆಗೆಯಲಿಲ್ಲ.

"ಹಾಗಾದ್ರೆ ಅದು ಯಾರ ನಾಡಿ, ಟೀಚರ್?" ಶ್ರೇಯಾಂಸ್ ಮೆಲ್ಲಗೆ ಕೇಳಿದ.

"ನಂದೇ... ಇನ್ಮೇಲೆ ಟೀಚರ್ ಅನ್ನಬೇಡಿ."