ಎರಡನೇ ಕಾರ್ಡು

"ಎರಡೂ ಒಟ್ಟಿಗೆ ಓಡಬೇಕು. ಅಷ್ಟೇ."

ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ನಿದ್ದೆ ಹೋದ ಮಗುವಿನಂತೆ ಮೆಲ್ಲಗೆ ಮೇಜಿನ ಮೇಲಿಳಿಸಿದ ಅವನು, ಟವೆಲ್ಲಿನಲ್ಲಿ ಸುತ್ತಿ ತಂದಿದ್ದ, ಪರದೆಗೆ ಆಟದ ಚಿತ್ರ ಮೂಡಿಸುವ ಇನ್ನೊಂದು ಗ್ರಾಫಿಕ್ಸ್ ಕಾರ್ಡನ್ನು ಪಕ್ಕದಲ್ಲಿಟ್ಟು ಹೇಳಿದ್ದು ಇಷ್ಟೇ.

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆಯೆತ್ತಿದಳು. ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಆಳು. ಬಿಸಿಲಿಗೆ ಕಂದಿದ ಮುಖ, ಕಂಕುಳಲ್ಲಿ ಹಳದಿ ಹೆಲ್ಮೆಟ್ಟು. ರಸ್ತೆಯಾಚೆ ಏಳುತ್ತಿರುವ ದೊಡ್ಡ ಕಟ್ಟಡದ ಕ್ರೇನ್ ನಡೆಸುವವನು.

ರಿಪೇರಿಗೆ ಬಂದವರೆಲ್ಲ ಅವಳನ್ನು ದಾಟಿ ಹಿಂದೆ ಕೂತ ಅವಳ ಸೋದರಮಾವನನ್ನೇ ಹುಡುಕುತ್ತಿದ್ದರು. ಹೆಣ್ಣು ಮಗಳು ಮದರ್‌ಬೋರ್ಡ್ ಬಿಚ್ಚುತ್ತಾಳೆ ಎಂದರೆ ಎಷ್ಟೋ ಜನರಿಗೆ ಇನ್ನೂ ನಂಬಿಕೆಯಿಲ್ಲ. ಇವನು ಮಾತ್ರ ನೇರವಾಗಿ ಅವಳ ಮುಖ ನೋಡಿಯೇ ಮಾತಾಡಿದ.

ಅದಕ್ಕೇ ಇರಬೇಕು, ಅವಳೂ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಎರಡು ಕಾರ್ಡ್ ಹಾಕಿದರೆ ಎರಡರಷ್ಟು ವೇಗ ಬರುವುದಿಲ್ಲ. ಹೊಸ ಆಟಗಳು ಎರಡನೆಯದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅದು ಸುಮ್ಮನೆ ಕೂತು ಕಾಯುತ್ತದೆ, ಫ್ಯಾನು ಊಳಿಡುತ್ತದೆ, ಕರೆಂಟು ಕುಡಿಯುತ್ತದೆ. ಹಳೆಯ ಎರಡನ್ನೂ ತೆಗೆದು ಹೊಸದೊಂದನ್ನು ಹಾಕಿದರೆ ಎಲ್ಲ ರೀತಿಯಲ್ಲೂ ನೆಮ್ಮದಿ.

ಅವನು ಪ್ರತಿಯೊಂದಕ್ಕೂ ತಲೆಯಾಡಿಸಿದ. "ನೀವು ಹೇಳೋದೆಲ್ಲ ಸರಿ ಮೇಡಂ. ಆದರೂ ಎರಡೂ ಓಡಬೇಕು."

"ಒಂದೇ ಲಾರಿಗೆ ಎರಡು ಸ್ಟೀರಿಂಗ್ ಹಾಕಿದರೆ ಬೇಗ ಊರು ಸೇರ್ತೀವಾ?"

ಅವನು ನಕ್ಕ. ಆದರೆ ನಗು ಅರ್ಧ ದಾರಿಯಲ್ಲೇ ನಿಂತುಹೋಯಿತು. "ನಾವು ಆಡೋದು ಹಳೇ ಲಾರಿ ಆಟ. ಅದು ಎರಡು ಕಾರ್ಡನ್ನೂ ಬಳಸುತ್ತೆ. ಕೂಡಿಸಿಕೊಡಿ... ಸಾಕು."

ಅವನು ಹೋದ ಮೇಲೆ ಮಾವ ಕನ್ನಡಕದ ಮೇಲಿಂದ ಇಣುಕಿದರು. ಗಿರಾಕಿಗಳನ್ನು ಅವರವರ ಯಂತ್ರದ ಕಾಯಿಲೆಯಿಂದಲೇ ಕರೆಯುವುದು ಅವರ ಚಾಳಿ. ಹ್ಯಾಂಗ್ ಮೇಷ್ಟ್ರು, ಬೀಪ್ ಅಜ್ಜಿ, ಹೀಗೆ. "ಈ ಜೋಡಿ ಕಾರ್ಡಿನವನು ಹಟಮಾರಿ, ಮರಿ. ಆದರೆ ಮನುಷ್ಯ ಒಳ್ಳೆಯವನ ಹಾಗೆ ಕಾಣ್ತಾನೆ," ಅಂದರು.

ಅವಳಿಗೂ ಹಾಗೇ ಅನ್ನಿಸಿತ್ತು. ಮಾವನಿಗೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಕೆಲಸಕ್ಕೆ ಕೂತಳು. ಎರಡು ಕಾರ್ಡುಗಳ ಹಸಿವಿಗೆ ಹಳೆಯ ಪವರ್ ಸಪ್ಲೈ ಸಾಲದು. ಅದನ್ನು ಬಿಚ್ಚಿ ದೊಡ್ಡದನ್ನು ಕೂರಿಸಿದಳು. ಒಳಗೆ ಹಳೆಯ ಕೇಬಲ್ಲೊಂದನ್ನು ಯಾರೋ ಬಹಳ ಅಚ್ಚುಕಟ್ಟಾಗಿ, ಹೆಣ್ಣುಮಕ್ಕಳು ಜಡೆ ಹೆಣೆದ ಹಾಗೆ ಕಟ್ಟಿದ್ದರು. ಅದನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಹೊಸ ಪವರ್ ಸಪ್ಲೈನ ಕಿಂಡಿಗೆ ಅದೇ ಕೇಬಲ್ಲಿನ ತುದಿಯನ್ನು ಒತ್ತಿದಳು. ಟಕ್ ಎಂದು ಕೂತಿತು.

ಕೂರುತ್ತದೆ. ಅದೇ ಅಪಾಯ. ಒಂದು ಕಂಪನಿಯ ಕೇಬಲ್ಲು ಇನ್ನೊಂದರ ಕಿಂಡಿಯಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ತಂತಿಗಳ ಜಾಗ ಬೇರೆ. ಪವರ್ ಸಪ್ಲೈ ಬದಲಾದರೆ ಕೇಬಲ್ಲೂ ಬದಲಾಗಬೇಕು ಎಂದು ನೂರು ಜನರಿಗೆ ಪಾಠ ಹೇಳಿದವಳು ಅವಳೇ!

ಆ ಪಾಠವನ್ನೇ ಮರೆತು ಸ್ವಿಚ್ಚು ಹಾಕಿದಳು.

ಚಿಟ್ ಎಂದಿತು. ಟವೆಲ್ಲಿನಲ್ಲಿ ಬಂದು ಕೆಳಗೆ ಕೂತಿದ್ದ ಕಾರ್ಡಿನ ಮೂಲೆಯಿಂದ ಬೂದು ಬಣ್ಣದ ಎಳೆಯೊಂದು ಸುರುಳಿಯಾಗಿ ಎದ್ದಿತು. ಆಮೇಲೆ ವಾಸನೆ... ಈ ಕಸುಬಿನವರು ಕನಸಿನಲ್ಲೂ ಗುರುತಿಸುವ ಸುಟ್ಟ ವಾಸನೆ.

ಅವಳು ಪ್ಲಗ್ಗು ಕಿತ್ತು, ಕಾರ್ಡನ್ನು ಹೊರತೆಗೆದಳು. ಇನ್ನೂ ಬೆಚ್ಚಗಿತ್ತು. ಕಡಲೆ ಗಾತ್ರದ ಕಪ್ಪು ಗಾಯ.

ಅದೇ ಹೊತ್ತಿಗೆ ಫೋನು. ಅವನೇ.

ಅವನ ದನಿಯ ಹಿಂದೆ ಗಾಳಿ ಬೀಸುತ್ತಿತ್ತು. ಕ್ರೇನಿನ ಮೇಲಿನಿಂದಲೇ ಮಾಡಿದ್ದಿರಬೇಕು. "ಮೇಡಂ, ನಿನ್ನೆ ಹೇಳೋಕೆ ಬಾಯಿ ಬರಲಿಲ್ಲ. ಆ ಟವೆಲ್ಲಿನಲ್ಲಿದ್ದದ್ದು ನಮ್ಮಣ್ಣನ ಕಾರ್ಡು. ಇಬ್ಬರೂ ಒಂದೇ ದಿನ ಒಂದೇ ಥರದ್ದು ತಗೊಂಡಿದ್ವಿ. ಅಣ್ಣ ಹೋಗಿ ಎರಡು ವರ್ಷ ಆಯ್ತು. ಪಕ್ಕದಲ್ಲಿ ಕೂತು ಆಡ್ತಿದ್ದ... ಇನ್ನು ಒಳಗಾದರೂ ಜೊತೆಗಿರಲಿ ಅಂತ. ಸ್ವಲ್ಪ ಜೋಪಾನ, ಆಯ್ತಾ?"

ಅಣ್ಣನ ಕಾರ್ಡು ಅವಳ ಅಂಗೈಯಲ್ಲಿ ಮೆಲ್ಲಗೆ ಆರುತ್ತಿತ್ತು.

"ಆಯ್ತು," ಅಂದಳು.

ಆ ಒಂದು ಮಾತು ಹೇಗೆ ಹೊರಬಂತೋ ಅವಳಿಗೇ ತಿಳಿಯಲಿಲ್ಲ.

ಮಾವ ಎಲ್ಲವನ್ನೂ ನೋಡಿದ್ದರು. ಬೈಯಲಿಲ್ಲ, ಅದೇ ಕಷ್ಟವಾಯಿತು. ಕಪಾಟು ತಡಕಿ, ಯಾರೋ ಬಿಟ್ಟುಹೋಗಿದ್ದ ಅದೇ ಮಾದರಿಯ ಹಳೆಯ ಕಾರ್ಡೊಂದನ್ನು ತಂದು, ಬಟ್ಟೆಯಿಂದ ಒರೆಸಿ ಮುಂದಿಟ್ಟರು. ಹಾರ್ಡ್ ಡಿಸ್ಕಾಗಿದ್ದರೆ ಪಾಪ, ಫೋಟೋ ದನಿ ಎಲ್ಲ ಇರುತ್ತೆ. ಕಾರ್ಡಿನಲ್ಲಿ ಏನು ಉಳಿಯುತ್ತೆ? ಸ್ವಿಚ್ಚು ಆರಿಸಿದರೆ ಎಲ್ಲ ಖಾಲಿ. ನಿಜ ಹೇಳಿ ಅವನಿಗೆ ನೋವು ಕೊಟ್ಟು ನಿನಗೇನು ಸಿಗುತ್ತೆ ಎಂದು ಕೇಳಿದರು.

ಮಾವ ಹೇಳಿದ್ದರಲ್ಲಿ ತಾಂತ್ರಿಕವಾಗಿ ತಪ್ಪು ಒಂದೂ ಇರಲಿಲ್ಲ. ಅವಳು ಸರಿಯಾದ ಕೇಬಲ್ಲು ಹಾಕಿ, ಗುರುತಿಲ್ಲದವರ ಕಾರ್ಡನ್ನು ಅಣ್ಣನ ಜಾಗದಲ್ಲಿ ಕೂರಿಸಿದಳು. ಸುಟ್ಟದ್ದನ್ನು ಎಸೆಯಲಾಗಲಿಲ್ಲ. ಡ್ರಾಯರಿನ ತಳಕ್ಕೆ ಸೇರಿಸಿದಳು.

ಆಟದ ಸೆಟ್ಟಿಂಗು ಮಾಡಿಕೊಡಿ ಎಂದು ಅವನು ಮನೆಗೆ ಕರೆದ. ಇಲ್ಲ ಅನ್ನಲು ಕಾರಣ ಸಿಗಲಿಲ್ಲ.

ಎರಡು ಕೋಣೆಯ ಪುಟ್ಟ ಮನೆ. ಅವನು, ಅವನ ಅಮ್ಮ. ಕಂಪ್ಯೂಟರಿನ ಮುಂದೆ ಎರಡು ಕುರ್ಚಿ, ಒಂದರ ಸೀಟು ಸವೆದಿತ್ತು. ಅಮ್ಮ ಸೆರಗಿನಿಂದ ಕ್ಯಾಬಿನೆಟ್ಟಿನ ಗಾಜು ಒರೆಸಿ, ಬಗ್ಗಿ ಒಳಗೆ ನೋಡಿದರು.

"ಇದರಲ್ಲಿ ದೊಡ್ಡವನದು ಯಾವುದಮ್ಮ?"

ಅವಳು ಬೆರಳು ತೋರಿಸಬೇಕಾಯಿತು. "ಕೆಳಗಿನದು."

ಅಮ್ಮ ಗಾಜಿನ ಮೇಲೆ ಅಂಗೈ ಇಟ್ಟು, "ಬೆಚ್ಚಗಿದ್ದಾನೆ," ಅಂದರು, ತಮಗೇ ಹೇಳಿಕೊಂಡ ಹಾಗೆ.

ಈಗಲೇ ಹೇಳಿಬಿಡು... ಈಗಲೇ. ಅವಳು ಕುರ್ಚಿ ಎಳೆದುಕೊಂಡು ಆಟದ ಸೆಟ್ಟಿಂಗು ತೆರೆದಳು.

ಆ ದಿನದಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವಳು ಆ ಮನೆಗೆ ಹೋಗತೊಡಗಿದಳು. ಮಾಡಿದ ತಪ್ಪಿಗಾಗಿ ಹೋಗುತ್ತಿದ್ದಳೋ, ಅವನಿಗಾಗಿಯೋ, ಕೇಳಿಕೊಳ್ಳಲು ಹೆದರಿಕೆ. ಸವೆದ ಕುರ್ಚಿಯಲ್ಲಿ ಕೂತು ನಕ್ಷೆ ನೋಡಿ ತಿರುವು ಹೇಳುವುದು ಅವಳ ಕೆಲಸ, ಪರದೆಯ ಮೇಲೆ ಲಾರಿ ಓಡಿಸುವುದು ಅವನದು. ಎಡಕ್ಕೆ ಅಂದರೆ ಬಲಕ್ಕೆ ಹೋಗಿ ಹಳ್ಳಕ್ಕೆ ಬೀಳಿಸುತ್ತಿದ್ದ. ನೂರಡಿ ಮೇಲೆ ಇಟ್ಟಿಗೆ ರಾಶಿಯನ್ನು ಕೂದಲೆಳೆಯಷ್ಟೂ ತಪ್ಪದೆ ಇಳಿಸುವವರು ಇಲ್ಲಿ ಲಾರಿ ಬೀಳಿಸ್ತೀರಲ್ಲ ಎಂದು ಅವಳು ರೇಗಿಸಿದರೆ, ಅಲ್ಲಿ ಪಕ್ಕದಲ್ಲಿ ನೀವು ಇರಲ್ಲವಲ್ಲ ಅನ್ನುತ್ತಿದ್ದ.

ಅವಳಿಗೆ ನಗು ಬರುತ್ತಿತ್ತು. ನಗುವಿನ ಬೆನ್ನಿಗೇ ಭಯ. ಅವನು ಧೂಳು ಒರೆಸಲೆಂದು ಕ್ಯಾಬಿನೆಟ್ಟಿಗೆ ಕೈ ಹಾಕಿದರೆ ಸಾಕು, ಅವಳು ಎದ್ದು ನಿಲ್ಲುತ್ತಿದ್ದಳು. ನಾನೇ ಮಾಡ್ತೀನಿ, ನೀವು ಮುಟ್ಟಬೇಡಿ. ಅವನು ಅದನ್ನು ಅಕ್ಕರೆ ಅಂದುಕೊಂಡ.

ಮೂರು ತಿಂಗಳಾಯಿತು. ಒಂದು ಭಾನುವಾರ ಅವನು ಆಟ ನಿಲ್ಲಿಸಿ, ಪರದೆಯನ್ನೇ ನೋಡುತ್ತಾ ಹೇಳಿದ.

"ಅಮ್ಮ ನಿಮ್ಮ ಮಾವನ ಹತ್ತಿರ ಬಂದು ಮಾತಾಡಬೇಕಂತೆ. ನಮ್ಮಿಬ್ಬರ ವಿಷಯ. ಬರಲಿ ಅನ್ನಲಾ?"

ಅವಳು ಎದ್ದಳು. ಕೆಲಸ ಇದೆ ಅಂದಳು. ಭಾನುವಾರ, ಯಾವ ಕೆಲಸ? ಚಪ್ಪಲಿ ಸರಿಯಾಗಿ ಮೆಟ್ಟದೆ ಬೀದಿಗಿಳಿದಳು.

ಎಂಟು ದಿನ ಅವನ ಫೋನು ಎತ್ತಲಿಲ್ಲ. ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಜೀವನಪೂರ್ತಿ ಆ ಗಾಜಿನ ಮೇಲೆ ಅವನ ಅಮ್ಮ ಕೈ ಇಡುವುದನ್ನು ನೋಡುತ್ತಾ ಬದುಕಬೇಕು.

ಒಂಬತ್ತನೆಯ ದಿನ ಊಟದ ಬಿಡುವಿನಲ್ಲಿ ಅವನೇ ಅಂಗಡಿಗೆ ಬಂದ. ಹೆಲ್ಮೆಟ್ಟು ತೆಗೆಯಲಿಲ್ಲ, ಕೂರಲಿಲ್ಲ.

"ಎತ್ತರದ ಕೆಲಸದವನು, ಯಾವತ್ತು ಏನಾಗುತ್ತೋ ಅನ್ನೋ ಹೆದರಿಕೆ ಇದ್ದರೆ ಹೇಳಿಬಿಡಿ. ತಪ್ಪು ತಿಳಿಯಲ್ಲ. ಈ ಹಿಂದೆ ಹೆಣ್ಣು ನೋಡೋಕೆ ಹೋದಾಗಲೂ ಇಬ್ಬರು ಅದನ್ನೇ ಹೇಳಿದ್ದಾರೆ."

ಅವಳು ಮೇಜಿನ ಮೇಲಿನ ಸ್ಕ್ರೂಗಳನ್ನು ಒಂದೊಂದೇ ಡಬ್ಬಿಗೆ ಹಾಕತೊಡಗಿದಳು. ಅವನು ತಲೆಯಾಡಿಸಿ ಹೊರಟುಹೋದ.

ಎಂಥಾ ಮನುಷ್ಯ... ತಪ್ಪು ನನ್ನದು, ಹೊತ್ತುಕೊಂಡು ಹೋದವನು ಅವನು.

ಡ್ರಾಯರು ಎಳೆದು ಸುಟ್ಟ ಕಾರ್ಡನ್ನು ಕೈಗೆತ್ತಿಕೊಂಡಳು. ಮಾವ ಏನೋ ಅನ್ನಲು ಹೋಗಿ, ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ರಸ್ತೆ ದಾಟಿ ಕಟ್ಟಡದ ಗೇಟಿನ ಬಳಿ ಅವನನ್ನು ಹಿಡಿದಳು.

"ನನಗೆ ನಿಮ್ಮ ಎತ್ತರದ ಭಯ ಇಲ್ಲ," ಅಂದಳು, ಏದುಸಿರು ಬಿಡುತ್ತಾ. "ಇದರ ಭಯ."

ಎಲ್ಲ ಹೇಳಿದಳು. ಕೇಬಲ್ಲು, ಹೊಗೆ, ಮಾವನ ಕಪಾಟು, ಬೆರಳು ತೋರಿಸಿದ ಸುಳ್ಳು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಹಿಂದೆ ಕಾಂಕ್ರೀಟಿನ ಯಂತ್ರ ಗರಗರ ತಿರುಗುತ್ತಿತ್ತು.

ಅವನು ಕಾರ್ಡನ್ನು ತಿರುಗಿಸಿ ನೋಡಿದ. ಕಪ್ಪು ಗಾಯದ ಮೇಲೆ ಹೆಬ್ಬೆರಳು ಸವರಿದ.

"ನಾನು ಫೋನ್ ಮಾಡಿ ಅಣ್ಣನ ವಿಷಯ ಹೇಳ್ತಿದ್ದಾಗ, ಇದು ನಿಮ್ಮ ಕೈಯಲ್ಲಿತ್ತಾ?"

"ಇತ್ತು."

ಅವನು ಕಾರ್ಡನ್ನು ಅಂಗಿಯೊಳಗೆ ಇಟ್ಟುಕೊಂಡು ಏಣಿಯತ್ತ ನಡೆದ.

ಅವಳು ಅಲ್ಲೇ ನಿಂತಳು. ಒಂದೊಂದೇ ಮೆಟ್ಟಿಲು ಅವನು ಮೇಲೇರುವುದನ್ನು ನೋಡಿದಳು. ಇಂಥ ಮನಸ್ಸಿನಲ್ಲಿ ಅಷ್ಟೆತ್ತರಕ್ಕೆ... ನಾನೇ ಹತ್ತಿಸಿದೆನಲ್ಲ. ಸಂಜೆಗೆ ಹೇಳಬಾರದಿತ್ತೇ? ಇಷ್ಟು ದಿನ ಮುಚ್ಚಿಟ್ಟವಳಿಗೆ ಇನ್ನು ನಾಲ್ಕು ಗಂಟೆ ತಡೆಯಲು ಆಗಲಿಲ್ಲವೇ?

ಆ ಮಧ್ಯಾಹ್ನ ಅವಳು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಕ್ರೇನಿನ ತೋಳನ್ನೇ ನೋಡಿದಳು. ಅದು ತಿರುಗಿದರೆ ಉಸಿರಾಡುತ್ತಿದ್ದಳು. ನಿಂತರೆ ಅವಳ ಉಸಿರೂ ನಿಲ್ಲುತ್ತಿತ್ತು. ಒಮ್ಮೆ ಹತ್ತು ನಿಮಿಷ ಅಲುಗಲೇ ಇಲ್ಲ. ಅವಳು ಎದ್ದು ನಿಂತು, ಕಂಬ ಹಿಡಿದುಕೊಂಡಳು. ಮಾವ ಬಂದು ಪಕ್ಕದಲ್ಲಿ ನಿಂತರು. ಆ ಹಳೇ ಕಾರ್ಡು ಹುಡುಕಿಕೊಟ್ಟ ಕೈ ನನ್ನದು ಮರಿ, ಅವನು ಬೈಯಲು ಬಂದರೆ ಮೊದಲು ನನ್ನನ್ನೇ ಬೈಯಲಿ ಎಂದು ಗೊಣಗಿದರು.

ತೋಳು ಮತ್ತೆ ತಿರುಗಿತು, ಮೆಲ್ಲಗೆ, ಹೊರೆಯನ್ನು ಒಂದಿಷ್ಟೂ ತೂಗಾಡಿಸದೆ.

ಸಂಜೆ ಅವನು ಇಳಿದು, ಅಂಗಡಿಯ ಕಡೆ ನೋಡದೆ ಹೋದ. ಅವಳಿಗೆ ಅಷ್ಟೇ ಸಾಕಾಯಿತು. ಇಳಿದನಲ್ಲ.

ಆಮೇಲೆ ಸುದ್ದಿಯಿಲ್ಲ. ಫೋನು ಎರಡು ಸಲ ಹೊಡೆದುಕೊಂಡರೆ ಎರಡು ಸಲವೂ ಬೀಪ್ ಅಜ್ಜಿ. ಮುಗಿಯಿತು ಎಂದು ತನಗೆ ತಾನೇ ಹೇಳಿಕೊಳ್ಳುವುದನ್ನು ಕಲಿಯುತ್ತಿದ್ದಳು. ಕಲಿತಂತೆ ಅನ್ನಿಸಿದ ಆರನೆಯ ದಿನ ಬೆಳಿಗ್ಗೆ, ಅವನು ಕ್ಯಾಬಿನೆಟ್ಟು ಹೊತ್ತು ಒಳಗೆ ಬಂದ.

ಮೇಜಿನ ಮೇಲಿಟ್ಟ.

"ಎರಡನ್ನೂ ತೆಗೆದುಬಿಡಿ. ನೀವು ಮೊದಲ ದಿನ ಹೇಳಿದ ಹಾಗೆ, ಹೊಸದು ಒಂದು ಹಾಕಿ."

"ನಿಮ್ಮದು ಚೆನ್ನಾಗೇ ಇದೆಯಲ್ಲ..."

"ಇದೆ. ಆದರೆ ಈ ಮೂರು ತಿಂಗಳು ನಾನು ಯಾರದೋ ಕಾರ್ಡನ್ನು ಅಣ್ಣನದು ಅಂದುಕೊಂಡು ಆಡಿದೆ. ಆದರೂ ಅವನು ಪಕ್ಕದಲ್ಲಿ ಕೂತ ಹಾಗೇ ಇತ್ತು. ಅಂದರೆ ಅವನು ಕಾರ್ಡಿನಲ್ಲಿ ಇರಲಿಲ್ಲ, ಅಲ್ಲವಾ? ಇದನ್ನ ಅರ್ಥ ಮಾಡಿಕೊಳ್ಳೋಕೆ ಐದು ದಿನ ಹಿಡೀತು."

ಅವಳು ತಲೆ ತಗ್ಗಿಸಿ ಪಕ್ಕದ ಗಾಜಿನ ಸ್ಕ್ರೂ ಬಿಚ್ಚತೊಡಗಿದಳು. ಕಣ್ಣು ಮಂಜಾಗಿ ಸ್ಕ್ರೂ ಸಿಗಲಿಲ್ಲ.

"ಅಮ್ಮನಿಗೆ...?"

"ನಾನೇ ಹೇಳಿದೆ. ಒಂದು ಹೊತ್ತು ಊಟ ಮಾಡಲಿಲ್ಲ. ಆಮೇಲೆ ಸುಟ್ಟದ್ದನ್ನು ಅಣ್ಣನ ಬಟ್ಟೆಗಳ ಜೊತೆ ಪೆಟ್ಟಿಗೆಯಲ್ಲಿ ಇಟ್ಟರು. ಹೇಳದೇ ಇದ್ದಿದ್ದರೆ ಸಾಯೋವರೆಗೂ ಗೊತ್ತಾಗ್ತಿರಲಿಲ್ಲ, ಆ ಹುಡುಗಿ ಯಾಕೆ ಹೇಳಿದಳು ಅಂತ ಕೇಳಿದರು."

"ನೀವೇನಂದ್ರಿ?"

"ನಮ್ಮ ಮನೆಗೆ ಸುಳ್ಳು ಹೊತ್ತುಕೊಂಡು ಬರೋಕೆ ಅವಳಿಗೆ ಇಷ್ಟ ಇರಲಿಲ್ಲ, ಅದಕ್ಕೆ ಅಂದೆ." ಅವನು ಕ್ಯಾಬಿನೆಟ್ಟಿನ ಅಂಚು ಸವರಿದ. "ಅಂದರೆ, ನಿಮಗೆ ಬರೋಕೆ ಇಷ್ಟ ಇದೆ ಅಂತ ನಾನು ಅಂದುಕೊಂಡಿದ್ದೀನಿ. ತಪ್ಪಿದ್ದರೆ ಹೇಳಿ."

ಹಿಂದೆ ಮಾವ ಇದ್ದಕ್ಕಿದ್ದಂತೆ ಟೀ ನೆನಪಾದವರಂತೆ ಚಪ್ಪಲಿ ಹುಡುಕಿ ಹೊರಗೆ ಹೋದರು.

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ನನ್ನ ಮೇಲೆ ಕೋಪ ಇಲ್ಲವಾ?"

"ಇದೆ."

"ತುಂಬಾ?"

"ತುಂಬಾನೇ. ನೆನೆದಾಗಲೆಲ್ಲ ಬರುತ್ತೆ. ಆ ಫೋನು, ನೀನು ಆಯ್ತು ಅಂದದ್ದು..."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ ಕಣೇ."

ಅವಳು ಮೇಜಿನ ಮೇಲೆ ಕೈಯೂರಿದಳು. "ನನಗೆ ಭಯ ಆಗ್ತಿದೆ."

ಅವನು ಮೇಜಿನ ಮೇಲೆ, ಬಿಚ್ಚಿಟ್ಟ ಸ್ಕ್ರೂಗಳ ನಡುವೆ, ಅವಳ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟ.

"ನನಗೂ. ಕೋಪ ಹೋಗೋವರೆಗೂ ಒಬ್ಬನೇ ಇರೋಕೆ ಆಗಲ್ಲ. ಅಲ್ಲಿವರೆಗೂ ಜೊತೆಗಿರ್ತೀಯಾ?"

"ಹೋದ ಮೇಲೆ?"

"ಹೋದ ಮೇಲೂ."