ಮುಟ್ಟದೆ ಬಿಟ್ಟ ಶೀರಾ

"ದಾರಿ ಬಿಡ್ರಿ! ನಿಮ್ಮ ಮಾರಿ ನೋಡ್ಲಿಕ್ಕ ನಾ ಕಾರವಾರಕ್ಕ ಬಂದಿಲ್ಲ!"

ಕರುಣಾಳ ದನಿಗೆ, ದಂಡೆಯ ಮೇಲೆ ತಂದು ನಿಲ್ಲಿಸಿದ ಹಳೇ ಯುದ್ಧನೌಕೆಯೊಳಗಿನ ಪ್ರವಾಸಿಗರೆಲ್ಲ ತಿರುಗಿ ನೋಡಿದರು. ನೋಡಲಿ! ಆಕೆಗೆ ಯಾರ ಹಂಗು?

ಎದುರಿಗೆ ನಿಂತವನು ರತ್ನದೀಪ. ಬೀದರ ಜಿಲ್ಲೆಯ ಔರಾದ ತಾಲೂಕಿನ ಚಿಂತಾಕಿಯವನು, ಇಲ್ಲಿಯ ನೌಕಾಪಡೆಯಲ್ಲಿ ನೌಕರಿ. ಊರಿಂದ ಬಂದ ಅವ್ವನಿಗೆ ಹಡಗು ತೋರಿಸಲು ಬಂದಿದ್ದ. ಹತ್ತಲಾರೆ ಎಂದು ಆಕೆ ಕೆಳಗೆ ಮರಳಲ್ಲೇ ಕುಳಿತಿದ್ದಳು.

ಹೋದ ವರ್ಷ ಅವನು ಇದೇ ಅವ್ವನ ಜೊತೆ ಕರುಣಾಳ ಊರು ಭಾತಂಬ್ರಾಕ್ಕೆ ಹೆಣ್ಣು ನೋಡಲು ಬಂದಿದ್ದ. ಅವಳು ತಂದಿಟ್ಟ ಶೀರಾದ ತಾಟು ಮುಟ್ಟದೆ ಎದ್ದು ಹೋಗಿದ್ದ. ಹುಡುಗ ಸಿಹಿ ಮುಟ್ಟಲಿಲ್ಲವೆಂದರೆ ಹುಡುಗಿ ಒಪ್ಪಿಗೆಯಿಲ್ಲ ಎಂದೇ ಹಿರಿಯರ ಲೆಕ್ಕ. ಬಾಯಿ ಇದ್ದವನನ್ನು ಕೇಳುವುದು ಬಿಟ್ಟು ತಾಟು ನೋಡಿ ತೀರ್ಮಾನ ಮಾಡುವವರಿಗೆ ಏನನ್ನಬೇಕು!

"ಒಂದ್ ಮಾತ ಕೇಳ್ರಿ..."

"ಏನ್ ಕೇಳೋದು? ನಾ ಮನಸಿಗಿ ಬರಲಿಲ್ಲ. ಬಾಯಿ ಬಿಟ್ಟು ಹೇಳಬೇಕಿತ್ತು! ನಮ್ಮಪ್ಪ ನಾಚಿಕಿಗಿ ಕಟ್ಟಿ ಮ್ಯಾಲ ಕೂಡೋದೇ ಬಿಟ್ಟಿದ್ದ!"

"ಕೈ ನಡಗ್ತಿತ್ತು!" ರತ್ನದೀಪನೂ ಕೂಗಿದ. "ನಿಮ್ಮನ್ನ ನೋಡಿ ಕೈ ನಡಗ್ತಿತ್ತ್ರಿ. ಚಮಚಾ ಎತ್ತಿದ್ರ ಅಂಗಿ ಮ್ಯಾಲ ಚೆಲ್ಲತಿದ್ದೆ. ಆಮ್ಯಾಲ ಹಡಗ ಹತ್ತಿದೆ, ಫೋನ್ ಇಲ್ಲ ಏನಿಲ್ಲ. ತಿರುಗಿ ಬರೋದ್ರಾಗ ನಿಮ್ಮವರು ಹುಡುಗಿ ಕೊಡಂಗಿಲ್ಲ ಅಂತ ಹೇಳಿ ಕಳಿಸಿದ್ರು!"

ಕರುಣಾಳಿಗೆ ನಗು ಬಂತು. ಅದರ ಹಿಂದೆಯೇ ಅಳು...

"ತೋಪು ಹಾರಸೋರಿಗಿ ಶೀರಾದ ಅಂಜಿಕಿ ಏನ್ರಿ?"

"ಶೀರಾದ್ದಲ್ಲ... ನಿಮ್ಮದು."

ಕಾಳಿ ನದಿ ಸಮುದ್ರ ಸೇರುವಲ್ಲಿ ಸದಾಶಿವಗಡದ ಗುಡ್ಡ ಸಂಜೆಬಿಸಿಲಲ್ಲಿ ಕರಗುತ್ತಿತ್ತು. ಒಂದು ಕಾಲಕ್ಕೆ ಮೆಣಸು, ಬಟ್ಟೆ ತುಂಬಿದ ಹಡಗುಗಳು ದೇಶ ದಾಟಿದ ನೀರು ಅದು. ಈಗ ದೂರದಲ್ಲಿ ಬೂದುಬಣ್ಣದ ಯುದ್ಧನೌಕೆಯೊಂದು ಸದ್ದಿಲ್ಲದೆ ಸರಿಯುತ್ತಿತ್ತು. ಕರುಣಾಳಿಗೆ ಕಾಲಡಿಯ ಕಬ್ಬಿಣವೂ ತೇಲಿದಂತಾಯಿತು. ಮರಳಲ್ಲಿ ಹೂತ ಹಡಗು ಎಲ್ಲಿ ತೇಲುತ್ತದೆ! ಆದರೂ ತೇಲಿತು.

'ಈಗ ತಿಳಿದರೆ ಏನು ಬಂತು...?'

"ಭಾನುವಾರ ಬೀದರದಾಗ ನನ್ನ ನಿಶ್ಚಯ ಅದರಿ," ಎಂದಳು.

ಅವನ ಮುಖ ಇಳಿಯಿತು. "ಆ ಹುಡುಗ ಶೀರಾ ತಿಂದ್ನೇನ್ರಿ?"

"ಎರಡ ತಾಟ!"

"ನಿಮಗ... ಮನಸ ಅದೇನ್ರಿ?"

ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕರುಣಾ ತಲೆಯಾಡಿಸಿದಳು. ಇಲ್ಲ.

ಕೆಳಗೆ ಹಾರ್ನ್ ಕೇಳಿತು. ಪ್ರವಾಸಕ್ಕೆ ಕರೆತಂದಿದ್ದ ಚಿಕ್ಕಮ್ಮ ಕಾಂತಾಬಾಯಿ ಟೆಂಪೊ ಬಾಗಿಲಲ್ಲಿ ನಿಂತು ಕರೆದಳು, "ಏ ಕರುಣಾ, ಗಾಡಿ ಹೊಂಟದ! ಲಗೂ ಬಾ!"

ಕರುಣಾ ಓಡಿ ಹೋಗಿ ಟೆಂಪೊ ಹತ್ತಿದಳು. ತನ್ನ ಚೀಲ ಎಳೆದುಕೊಂಡಳು.

"ಕಾಕು, ಭಾನುವಾರದ್ದು ಬ್ಯಾಡ. ಅಪ್ಪಗ ನಾನೇ ಫೋನ್ ಮಾಡ್ತೇನಿ."

"ಹುಚ್ಚಿ! ಚೀಲ ತಗೊಂಡು ಎಲ್ಲಿಗಿ ಹೊಂಟಿ?"

"ಅಲ್ಲಿ ಮರಳಾಗ ಕುಂತಾರಲ್ಲ, ರತ್ನದೀಪರ ಅವ್ವ, ಅವರ ಕೂಡ ಇರ್ತೇನಿ."

"ಮಂದಿ ಏನಂದಾರು? ಇಳದಿ ಅಂದ್ರ ನೋಡು!"

ಕರುಣಾ ಇಳಿದಳು.

ರತ್ನದೀಪ ಓಡಿ ಬಂದು ಚೀಲಕ್ಕೆ ಕೈ ಹಾಕಿದ. "ಅವ್ವಗ ಏನಂತ ಹೇಳ್ಲಿರಿ?"

"ಸೊಸಿ ಬಂದಾಳ ಅನ್ರಿ."

ಕಾಂತಾಬಾಯಿ ಬಹಳ ಹೊತ್ತು ಗಾಡಿ ನಿಲ್ಲಿಸಿಕೊಂಡು ಕಾದಳು. ಕರುಣಾ ತಿರುಗಿ ಬರಲಿಲ್ಲ.